ಬದುಕಿದ್ದ ಕೆಂಚಮ್ಮನನ್ನು ಸತ್ತಳೆಂದೆ

ಕೆಂಚಮ್ಮ ಬದುಕಿದ್ದಾಗಲೇ ಆಕೆ ಸತ್ತುಹೋದಳೆಂದು ಹೇಳಿದವನು ನಾನು. ಸಿಟ್ಟಿನಲ್ಲಲ್ಲ, ಯಾರದೋ ಮಾತು ನಂಬಿಯೂ ಅಲ್ಲ — ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ ಹೇಳಿದೆ.

ನಮ್ಮದು ಕುರಿ ಸಾಕುವ ಮನೆ. ಮಣ್ಣಿನ ಕೆಲಸ ವಂಶದಿಂದ ಬಂದದ್ದಲ್ಲ. ರಾಮಗಿರಿಯ ಕುಂಬಾರಗೇರಿಯಲ್ಲಿ ಕೆಂಚಮ್ಮ, ಗಂಡ ಹೋದ ಮೇಲೆ, ಒಬ್ಬಳೇ ನೀರಿನ ದೊಡ್ಡ ಗುಡಾಣಗಳನ್ನು ಮಾಡುತ್ತಿದ್ದಳು. ಒಳಗೊಂದು ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತ ತಟ್ಟುತ್ತ ಹಸಿಮಣ್ಣನ್ನು ಎದೆಯೆತ್ತರಕ್ಕೆ ಏರಿಸುವಳು. ಇಪ್ಪತ್ತರ ವಯಸ್ಸಿನ ನಾನು ನೋಡುತ್ತ ನಿಂತುಬಿಟ್ಟೆ. ಆಕೆ ಜಾತಿ ಕೇಳಲಿಲ್ಲ. "ಇದು ಕಣ್ಣಿಂದ ಬರಲ್ಲಪ್ಪ, ಕಿವಿಯಿಂದ ಬರ್ತೈತೆ. ಸದ್ದು ಕೇಳು," ಎಂದು ಕಲ್ಲನ್ನು ನನ್ನ ಕೈಗಿಟ್ಟಳು. ಮೂರು ವರ್ಷ ಕಲಿತೆ. ನನ್ನ ಕೈಯಲ್ಲಿ ಏನಾದರೂ ಇದ್ದರೆ ಅದು ಆಕೆ ಕೊಟ್ಟದ್ದು.

ಚಿತ್ರದುರ್ಗದ ಪ್ರದರ್ಶನಕ್ಕೆ ಒಂದು ಗುಡಾಣ ಒಯ್ದೆ. ಅದರ ಹೊಟ್ಟೆಯನ್ನು ಎತ್ತಿದವಳು ಕೆಂಚಮ್ಮ. ನಾನು ಬಾಯಿ ತಿದ್ದಿ ಮೆರುಗು ಕೊಟ್ಟಿದ್ದೆ, ಅಷ್ಟೆ. ಚೀಟಿಯಲ್ಲಿ ನನ್ನ ಹೆಸರೊಂದನ್ನೇ ಬರೆದೆ. ಬಹುಮಾನ ಬಂತು. ಅದರ ಬೆನ್ನಿಗೇ ಹೊಳಲ್ಕೆರೆಯ ತರಬೇತಿ ಕೇಂದ್ರದಲ್ಲಿ ಮೇಷ್ಟ್ರ ಕೆಲಸ. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ. ನಿಮಗೆ ಕಲಿಸಿದವರು ಯಾರು, ಅವರನ್ನೂ ಕರೆಸೋಣ, ಇಬ್ಬರಿಗೂ ಜಾಗವಿದೆ ಎಂದರು. ಆಕೆ ಬಂದು, ಅಧಿಕಾರಿಯ ಕೋಣೆಯ ಮೂಲೆಯಲ್ಲಿಟ್ಟಿದ್ದ ಆ ಬಹುಮಾನದ ಗುಡಾಣವನ್ನು ನೋಡಿ, ಇದು ನನ್ನದಲ್ಲವೇ ಎಂದುಬಿಟ್ಟರೆ —

"ಅವ್ರು ತೀರಿಕೊಂಡ್ರು ಸಾರ್," ಎಂದೆ.

ಅವರು ಪಾಪ ಎಂದು ಲೊಚಗುಟ್ಟಿದರು. ನಾನೂ ತಲೆ ತಗ್ಗಿಸಿದೆ — ದುಃಖದಲ್ಲಿರುವವನ ಹಾಗೆ.

ಮನೆಮನೆಗೂ ಪ್ಲಾಸ್ಟಿಕ್ ಕೊಡ ಬಂದು ಗುಡಾಣ ಕೇಳುವವರೇ ಇಲ್ಲವಾದಾಗ ಕೆಂಚಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ಕೇಂದ್ರದ ಹುಡುಗರಿಗೆ ಕಲಿಸುತ್ತೇನೆ, ನಿಮ್ಮ ಸಾಹೇಬರಿಗೆ ಹೇಳು ಎಂದಳು. ಸತ್ತವಳನ್ನು ಯಾವ ಮುಖ ಹೊತ್ತು ಕರೆದೊಯ್ಯಲಿ? ಜಾಗ ಖಾಲಿಯಿಲ್ಲ ಎಂದೆ. ಊಟ ಮಾಡಿಕೊಂಡು ಹೋಗು ಎಂದೆ — ಅದನ್ನೂ ಹೇಳಿದೆ, ನಾಚಿಕೆಯಿಲ್ಲದೆ. ಆಕೆ ಉಣ್ಣದೆ ಬಸ್ಸು ಹತ್ತಿದಳು.

ಇಟ್ಟಿಗೆ ಭಟ್ಟಿಯಲ್ಲಿ ಕೂಲಿಗೆ ಸೇರಿದಳೆಂದು ಆಮೇಲೆ ತಿಳಿಯಿತು. ಏಳು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತಳು. ಧೂಳು ಎದೆಗಿಳಿದು, ಕೆಮ್ಮಿ ಕೆಮ್ಮಿ ಸತ್ತ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಪಾಠ ನಿಲ್ಲಿಸಲಿಲ್ಲ.

ಈಗ ನಿವೃತ್ತನಾಗಿದ್ದೇನೆ. ಹೋದ ತಿಂಗಳು ರಾಮಗಿರಿಗೆ ಹೋಗಿ ಆಕೆಯ ಮಗಳು ಗಂಗಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಅಂಗಳದಲ್ಲಿ ರಾಗಿ ಕೇರುತ್ತಿದ್ದವಳು ಮೊರವನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ — ಬೈದಿದ್ದರೆ —

"ನಮ್ಮವ್ವ ಸಾಯೋ ದಿನದವರ್ಗೂ ಹೇಳ್ಕಂತಿದ್ಲು," ಎಂದಳು. "ನನ್ ಶಿಷ್ಯ ಹೊಳಲ್ಕೆರೇಲಿ ಮೇಷ್ಟ್ರಾಗವ್ನೆ ಅಂತ."

ಮತ್ತೆ ಮೊರ ಎತ್ತಿಕೊಂಡಳು. ಕುಂತ್ಕಳ್ರಿ ಎನ್ನಲಿಲ್ಲ. ಹೋಗ್ರಿ ಎನ್ನಲೂ ಇಲ್ಲ. ನಾನು ಬಿಸಿಲಲ್ಲಿ ನಿಂತೇ ಇದ್ದೆ.