ನೋಟಿಸ್ ಬೋರ್ಡಿಗೆ ಟಿಕಳಿ

ಸಾರಿ ಫ್ರೆಂಡ್ಸ್, ಇಂಟರ್ನಲ್ಸ್ ಮುಂದಿಟ್ಟುಕೊಂಡು ಪೋಸ್ಟ್ ಬರೀತಿದ್ದೀನಿ. ಹೇಳದೇ ಇರೋಕಾಗ್ತಿಲ್ಲ.

ಬಸವಕಲ್ಯಾಣದ ನಮ್ಮ ಹಾಸ್ಟೆಲ್ ಸೆಲೆಕ್ಷನ್ ಲಿಸ್ಟನ್ನು ಗೇಟಿನ ಬೋರ್ಡಿಗೆ ಹಚ್ಚಿದ್ದಾರೆ. ಹೆಸರು, ಮಾರ್ಕ್ಸ್ ಜೊತೆ ಎಲ್ಲ ಹುಡುಗಿಯರ ಮೊಬೈಲ್ ನಂಬರೂ ಇದೆ. ಎರಡು ದಿನದಿಂದ ಯಾರೋ ನನ್ನ ರೂಮ್‌ಮೇಟ್ ನಸ್ರೀನ್‌ಗೆ ಕಾಲ್ ಮಾಡಿ ಕಾಡ್ತಿದ್ದಾರೆ. ಇನ್ನೊಂದು ಕಾಲ್ ಬಂದ್ರೆ ಓದು ಬಿಡಿಸಿ ಹುಮನಾಬಾದಿಗೆ ಕರ್ಕೊಂಡು ಹೋಗ್ತೀನಿ ಅಂತ ಅವಳ ಅಣ್ಣ ಹೇಳಿದ್ದಾನೆ.

ಕ್ಲರ್ಕ್ ಸರ್‌ಗೆ ಹೇಳಿದ್ವಿ. "ಪಬ್ಲಿಕ್ ರೆಕಾರ್ಡ್ ಅದವ್ವಾ, ಮುಚ್ಚಿಡಾಕ ಬರಂಗಿಲ್ಲ" ಅಂದ್ರು.

ನಾನು ಹಣೆಗಿಡೋ ಟಿಕಳಿ ಪ್ಯಾಕೆಟ್ ತಂದು ನಸ್ರೀನ್ ನಂಬರ್ ಮೇಲೆ ಸಾಲಾಗಿ ಅಂಟಿಸಿಬಿಟ್ಟೆ. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮ ನಂಬರಿಗೆ ಅಂಟಿಸಿದ್ರು.

ಸರ್ ಓಡಿ ಬಂದ್ರು. "ಏ, ಇದು ಸರ್ಕಾರಿ ಕಾಗದ, ಮದುಮಗಳ ಹಣಿ ಅಲ್ಲ!"

"ಹೆಸರು, ಮಾರ್ಕ್ಸ್ ಎಲ್ಲಾರೂ ನೋಡ್ಲಿ ಸರ. ಸೀಟ್ ಹ್ಯಾಂಗ ಕೊಟ್ರಿ ಅಂತ ಮಂದಿಗೆ ಗೊತ್ತಾಗ್ಬೇಕು. ನಂಬರ್ ಯಾಕ್ರಿ? ನಿಮ್ಮ ಮಗಳ ನಂಬರ್ ಹಿಂಗ ಗೇಟಿಗೆ ಹಚ್ತೀರೇನ್ರಿ?"

ಇದನ್ನ ಅಂದಿದ್ದು ನಾನೇ! ಅಟೆಂಡೆನ್ಸ್‌ನಲ್ಲಿ 'ಪ್ರೆಸೆಂಟ್' ಅನ್ನೋಕೂ ನಡುಗೋ ನಾನು!

 ಸರ್ ಲಿಸ್ಟ್ ಕಿತ್ತು, ನಂಬರ್ ಇಲ್ಲದ ಪ್ರಿಂಟ್ ತೆಗೆದು ತಾವೇ ಹಚ್ಚಿದ್ರು. ನಸ್ರೀನ್ ಅದರ ಫೋಟೋ ಅಣ್ಣನಿಗೆ ಕಳಿಸಿದಳು. ಹೊಸ ಸಿಮ್ ಕೊಡಿಸ್ತಾನಂತೆ, ಅಲ್ಲೇ ಓದು ಅಂದಿದ್ದಾನೆ. ನನಗೆ ಎಷ್ಟು ಹೆಮ್ಮೆ ಅಂದ್ರೆ, ಊಟಾನೇ ಸೇರಲಿಲ್ಲ.

ಮುಂದಿನ ವರ್ಷವೂ ನಂಬರ್ ಹಾಕಬಾರದು ಅಂದ್ರೆ ನಾನು ಅರ್ಜಿ ಕೊಡಬೇಕಂತೆ. ಫಾರ್ಮ್ ತಂದೆ. ಅದರಲ್ಲಿ ಅರ್ಜಿದಾರರ ಮೊಬೈಲ್ ನಂಬರ್ ಕಡ್ಡಾಯ!

ಬರೀಲೋ, ಬ್ಯಾಡೋ? ನಾಳೆ ಮುಂಜಾನೆನೇ ಕೊಡಬೇಕು, ಲಗೂನ ರಿಪ್ಲೈ ಮಾಡ್ರಿ.