ಹತ್ತಿರದ ಮನೆಯ ನೀರು

ಬರೆಯುವಾಗ ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಹಿಡಿಯದಿದ್ದರೆ ಟಾಕು ನಡುಗಿ ಕಾಗದದ ಮೇಲೆ ಮಸಿ ಚೆಲ್ಲುತ್ತಿತ್ತು. ಅವರ ಕೋಟಿನ ಎಡತೋಳಿನ ಅಂಚು ಸದಾ ಕಪ್ಪಗಿರುತ್ತಿತ್ತು. ಏನೋ ಕಾಯಿಲೆ ಇರಬೇಕೆಂದು ಮೊದಲು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಬರೀ ಅಂಜಿಕೆ.

ಜತ್ತದ ಮಾಮ್ಲೇದಾರ ಕಚೇರಿಯಲ್ಲಿ ಅವರು ಅವ್ವಲ ಕಾರಕೂನರು, ಅಂದರೆ ನಮ್ಮಂಥ ಗುಮಾಸ್ತರಿಗೆಲ್ಲ ಹಿರಿಯರು. ಸಾಹೇಬರು ಗಂಟೆ ಬಾರಿಸಿದರೆ ಅಂಜುವರು, ಗುಡುಗಿದರೆ ಅಂಜುವರು, ನಾಯಿ ಕಂಡರಂತೂ ಕೈಯಲ್ಲಿ ಕೋಲಿದ್ದರೂ ನನ್ನ ಬೆನ್ನ ಹಿಂದೆ ಬಂದು ನಿಲ್ಲುವರು. ಹಗ್ಗ ಕಂಡರೂ ಹಾವೆನ್ನುವ ಜೀವ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು. ನಾನೇನು ದೊಡ್ಡ ಧೈರ್ಯವಂತನಲ್ಲ. ನಗುವವರ ಗುಂಪಿನಲ್ಲಿದ್ದರೆ ನಮ್ಮ ಪುಕ್ಕಲುತನ ಯಾರಿಗೂ ಕಾಣುವುದಿಲ್ಲ, ಅಷ್ಟೇ.

ಅಂಜಲಿಕ್ಕೆ ಆಗ ಕಾರಣವೂ ಇತ್ತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು. ಹಳೆಯ ನೌಕರರಲ್ಲಿ ಯಾರನ್ನು ಇಟ್ಟುಕೊಳ್ಳುತ್ತಾರೆ, ಯಾರನ್ನು ಮನೆಗೆ ಕಳಿಸುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನನಗೆ ಎರಡು ಸಣ್ಣ ಮಕ್ಕಳು. ಜಿಲ್ಲೆಯಿಂದ ಟಪಾಲು ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಆ ಹೊತ್ತಿನಲ್ಲೇ ಪೇಟೆಯ ಅಡತಿ ವ್ಯಾಪಾರಿಯೊಬ್ಬರು ತಮಾಷಾ ಥೇಟರಿಗೆ ಪರವಾನಗಿ ಕೇಳಿ ಅರ್ಜಿ ಹಾಕಿದರು. ಪೇಟೆಯ ಹಿಂದಿನ ಹಗೇವಿನ ಬಯಲಿನಲ್ಲಿ ತಗಡಿನ ಮಾಡು ಹಾಕಿ ದಿನಾ ರಾತ್ರಿ ಢೋಲಕಿ, ಲಾವಣಿ, ಕುಣಿತ. ಸುತ್ತ ಮನೆಗಳಿವೆಯೇ, ಇದ್ದರೆ ಎಷ್ಟು ದೂರ ಎಂದು ಸ್ಥಳ ನೋಡಿ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮರುದಿನವೇ ವ್ಯಾಪಾರಿ ನನ್ನ ಮೇಜಿನ ಹತ್ತಿರ ಬಂದು ಕೂತರು. ಎಲೆಅಡಿಕೆ ಕೊಟ್ಟು, ಮಕ್ಕಳು ಹೇಗಿದ್ದಾರೆಂದು ಕೇಳಿ, ಏಳುವಾಗ ಮೆಲ್ಲಗೆ ಅಂದರು: “ನಿಮ್ಮ ನೌಕರಿ ಇನ್ನಾ ಕಾಯಂ ಆಗಿಲ್ಲಂತಲ್ರಿ.”

ನಾನು ಬಯಲಿಗೆ ಹೋಗಲೇ ಇಲ್ಲ. ಸಂಸ್ಥಾನದ ಕಾಲದ ನಕಾಶೆ ತೆಗೆದೆ. ನೆಲದಡಿ ಕಾಳು ತುಂಬಿಡುವ ಹಗೇವುಗಳನ್ನು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಹಗೇವಿನ ಮೇಲೆ ಮನೆ ಕಟ್ಟಲು ಆಗ ಬಿಡುತ್ತಿರಲಿಲ್ಲ. ಆಮೇಲೆ ಹಗೇವು ಮುಚ್ಚಿ, ಅರಳೆ ಹಿಂಜುವ ಪಿಂಜಾರರು ಏಳೆಂಟು ಮನೆ ಕಟ್ಟಿಕೊಂಡದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಕಾಶೆ ನೋಡಿಯೇ ಬರೆದೆ: ‘ಸ್ಥಳ ನೋಡಲಾಗಿದೆ. ಸಮೀಪದಲ್ಲಿ ವಸತಿ ಇಲ್ಲ.’ ನಕಾಶೆ ಸರಕಾರದ್ದು, ಸುಳ್ಳು ನನ್ನದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅವ್ವಲ ಕಾರಕೂನರದು ಒಂದು ಪದ್ಧತಿ. ಯಾವ ಸ್ಥಳದ ಕಾಗದಕ್ಕೇ ಆಗಲಿ, ಸಹಿ ಮಾಡುವ ಮುಂಚೆ ಅಲ್ಲಿಗೆ ಹೋಗಿ, ತೀರ ಹತ್ತಿರದ ಮನೆಯಲ್ಲಿ ಕೂತು ಒಂದು ತಂಬಿಗೆ ನೀರು ಕೇಳುವರು. ನೀರು ತಂದುಕೊಟ್ಟು ಮಾತಾಡಿಸುವಷ್ಟರಲ್ಲಿ ಮನೆಯವರ ಕಷ್ಟಸುಖ ತಿಳಿದುಬಿಡುತ್ತದೆ ಎನ್ನುವರು. ನನ್ನ ವರದಿ ಓದಿ ಅವರು ಬೈಯಲಿಲ್ಲ. ಮಣಿಕಟ್ಟು ಹಿಡಿದುಕೊಂಡೇ ಕೇಳಿದರು: “ಹಂಗಾದ್ರ ನಾವು ನೀರು ಎಲ್ಲಿ ಕುಡ್ಯೂಣ್ರಿ?”

ಅವರು ರುಮಾಲು ಸುತ್ತಿಕೊಂಡು ಎದ್ದರು.

ಇಬ್ಬರೂ ಹೋಗಿ ಮೊದಲ ಮನೆಯ ಕಟ್ಟೆಯ ಮೇಲೆ ಕೂತೆವು. ಥೇಟರಿಗೆಂದು ಗೂಟ ಬಡಿದ ಜಾಗ ಅಲ್ಲಿಂದ ಹದಿನೆಂಟೇ ಹೆಜ್ಜೆ. ಪಿಂಜಾರರ ಮುದುಕಿ ಸೀರೆಗೆ ಹತ್ತಿದ ಅರಳೆ ಕೊಡವಿಕೊಳ್ಳುತ್ತ ಹೊರಗೆ ಬಂದಳು. ಅವ್ವಲ ಕಾರಕೂನರು ಲಿಂಗಾಯತರು; ಲಿಂಗಾಯತರು ಮುಸಲ್ಮಾನ ಪಿಂಜಾರರ ಮನೆಯ ನೀರು ಮುಟ್ಟದ ಕಾಲ ಅದು. ನೀರು ಕೇಳಿದ್ದಕ್ಕೆ ಆಕೆಯೇ ಗಾಬರಿಯಾದಳು. ಇವರು ಆಚೀಚೆ ನೋಡಿ, ಕಣ್ಣು ಮುಚ್ಚಿ ಗಟಗಟ ಕುಡಿದರು. ಕುಡಿದಾದ ಮೇಲೆ ತಮ್ಮ ತಾಯಿಗೆ ಮಾತ್ರ ಹೇಳಬೇಡಿರೆಂದು ನನ್ನ ಕಿವಿಯಲ್ಲಿ ಬೇಡಿಕೊಂಡರು.

“ಹಾಡಿಗೆ ನಮ್ಮದೇನು ಹರಕತ್ತಿಲ್ರಿ ಸಾಹೇಬ್ರ,” ಅಂದಳು ಮುದುಕಿ. “ಆದ್ರ ನಮ್ಮ ಹೆಣ್ಣಮಕ್ಕಳು ಕತ್ತಲಾದ ಮ್ಯಾಲ ಚರಿಗಿ ತಗೊಂಡು ಈ ಬಯಲಿಗೇ ಬರಬೇಕು. ಕುಡದ ಗಂಡಸರು ಇಲ್ಲೇ ನಿಂತ್ರ ಅವರು ಎಲ್ಲಿ ಹೋಗಬೇಕ್ರಿ?”

ಅಷ್ಟರಲ್ಲಿ ವ್ಯಾಪಾರಿಯ ಅಂಗಡಿಯ ಇಬ್ಬರು ಹಮಾಲರು ಬಂದು ಎದುರಿಗೆ ನಿಂತರು. ನಾವು ಹೊರಟರೆ ಹೊರಟರು, ನಿಂತರೆ ನಿಂತರು. ಹಾಡುಹಗಲಿನಲ್ಲಿ, ಕಚೇರಿಯ ಬಾಗಿಲವರೆಗೂ ನಮ್ಮ ಹಿಂದೆ ಅವರ ಚಪ್ಪಲಿಯ ಸಪ್ಪಳ. ನನ್ನ ಮುಂದೆ ನಡೆಯುತ್ತಿದ್ದ ಕಾರಕೂನರ ಕಾಲು ಎರಡು ಸಲ ತಮ್ಮ ಧೋತರಕ್ಕೇ ತೊಡರಿತು.

ಒಳಗೆ ಬಂದು, ನನ್ನ ವರದಿ ಹರಿದುಬಿಡುತ್ತೇನೆ ಅಂದೆ. ಬೇಡವೆಂದರು. ಕಡತಕ್ಕೆ ಸೇರಿದ ಕಾಗದ ಹರಿಯಬಾರದು, ಅದರ ಕೆಳಗೇ ನಿಜ ಬರೆಯಬೇಕು ಎಂದರು. ಹಾಗೆ ಬರೆದರೆ ಮೊದಲು ಸುಳ್ಳು ಬರೆದವನು ನಾನೇ ಎಂದು ಒಪ್ಪಿಕೊಂಡಂತೆ, ನೌಕರಿ ಹೋಗುತ್ತದೆ, ನನ್ನಿಂದಾಗದು ಅಂದೆ. ಹೇಳುವಾಗ ಅಳು ಬಂತು.

“ಅಂಜಬ್ಯಾಡ್ರಿ ಅಂತ ನಾ ಹೇಳಂಗಿಲ್ಲ,” ಅಂದರು. “ನನಗೂ ಅಂಜಿಕಿ ಬಿಟ್ಟು ಬ್ಯಾರೆ ಏನೂ ಗೊತ್ತಿಲ್ಲ. ಅಂಜ್ಕೋತನ ಬರೀರಿ. ಅಕ್ಷರ ಸೊಟ್ಟ ಆದ್ರೂ ನಡೀತೈತಿ.”

ಬರೆದೆ. ನನ್ನ ಕೈ ನಡುಗಿದಾಗ ಅವರು ತಮ್ಮ ಕೈ ಬಿಟ್ಟು ನನ್ನ ಮಣಿಕಟ್ಟು ಹಿಡಿದರು. ನಡುಗುವ ಎರಡು ಕೈ ಕೂಡಿದರೆ ಏನಾದೀತು, ಮಸಿ ಚೆಲ್ಲಿತು. ಲಾವಣಿ ಹಾಡುವ ಹೆಣ್ಣುಮಕ್ಕಳೂ ಹೊಟ್ಟೆಗಾಗಿ ದುಡಿಯುವವರೇ ಎಂದು, ವಿಜಾಪುರದ ದಾರಿಯಲ್ಲಿ ಊರು ದಾಟಿದ ಮೇಲಿನ ಬೀಳು ಜಾಗವನ್ನು ಥೇಟರಿಗೆ ಅವರೇ ಸೂಚಿಸಿ ಬರೆಸಿದರು.

ಮಾಮ್ಲೇದಾರರು ಹಾಗೆಯೇ ಹುಕುಂ ಮಾಡಿದರು. ಥೇಟರು ಊರ ಹೊರಗೆ ಎದ್ದಿತು. ನನ್ನ ಅಂಜಿಕೆ ಮಾತ್ರ ಮುಗಿಯಲಿಲ್ಲ. ಸುಳ್ಳು ವರದಿಯ ವಿಚಾರಣೆ ಜಿಲ್ಲೆಯವರೆಗೆ ಹೋಗಿತ್ತು. ನಾಲ್ಕು ತಿಂಗಳು, ಯಾರಾದರೂ ಬಾಗಿಲು ಬಡಿದರೆ ಸಾಕು, ಹೆಂಡತಿ ಮಕ್ಕಳನ್ನು ಅವಚಿಕೊಂಡು ಒಳಗೆ ಹೋಗುತ್ತಿದ್ದಳು. ಕೊನೆಗೆ ಹುಕುಂ ಬಂತು. ನಾನು ಕಾಯಂ. ಅವ್ವಲ ಕಾರಕೂನರು ಕೆಳಗಿನ ದರ್ಜೆಗೆ ಇಳಿದು ದೂರದ ತಾಲೂಕಿಗೆ ಹೋಗಬೇಕು. ಯಾಕೆ ಹೀಗಾಯಿತೆಂದು ನಾನು ಅವರನ್ನೇ ಕೇಳಿದರೆ ಸರಕಾರದ ಕೆಲಸವೇ ಹಾಗೆಂದು ಮಾತು ತೇಲಿಸಿದರು. ಮೋಟಾರು ಹತ್ತುವಾಗ ಅವರಿಗೆ ಇದ್ದದ್ದು ಒಂದೇ ಚಿಂತೆ, ಆ ಊರಲ್ಲಿ ನಾಯಿ ಬಹಳವಂತೆ.

ಎರಡು ವರ್ಷಕ್ಕೆ ಅಲ್ಲಿಯೇ ತೀರಿಕೊಂಡರು. ಸುದ್ದಿ ಬಂದ ದಿನ ಅವರ ಅಕ್ಷರ ನೋಡಬೇಕೆನಿಸಿ ಆ ಕಡತ ತೆಗೆದೆ. ನನ್ನ ಎರಡನೆಯ ವರದಿಯ ಹಿಂದೆ, ನಾನು ಯಾವತ್ತೂ ಕಂಡಿರದ ಒಂದು ಚೀಟಿಯನ್ನು ಹೊಲಿದಿದ್ದರು. ಮರಾಠಿಯಲ್ಲಿ ಎರಡೇ ಸಾಲು: ‘ಮೊದಲಿನ ವರದಿಯನ್ನು ಕಚೇರಿಯಲ್ಲೇ ಕೂತು ಬರೆಯಲು ಹೇಳಿದವನು ನಾನು, ತಪ್ಪು ನನ್ನದು.’ ಅವರು ಜೀವಮಾನದಲ್ಲಿ ಬರೆದ ಒಂದೇ ಸುಳ್ಳು ಅದಿರಬೇಕು. ಅಕ್ಷರಗಳು ಸೊಟ್ಟಗಿದ್ದವು, ಎರಡು ಕಡೆ ಮಸಿ ಚೆಲ್ಲಿತ್ತು.

ಮುಂದೆ ಮೂವತ್ತು ವರ್ಷ ನೌಕರಿ ಮಾಡಿದೆ. ಹತ್ತಿರದ ಮನೆಯ ನೀರು ಕುಡಿಯದೆ ಯಾವ ಸ್ಥಳದ ಕಾಗದಕ್ಕೂ ಸಹಿ ಹಾಕಲಿಲ್ಲ. ಆದರೂ ಆ ಚೀಟಿ ಬರೆಯುವ ಹೊತ್ತಿಗೆ ಅವರ ಮಣಿಕಟ್ಟು ಹಿಡಿಯಲು ನಾನಿರಲಿಲ್ಲ ಎಂಬ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.