ತಳದ ಗಸಿ ಚೆಲ್ಲಿದ ಸುಂಕಲಮ್ಮ

ಬೆಳಕು ಹರಿಯುತ್ತಿದೆ. ಗಂಗಾವತಿಯ ಕಾರಟಗಿ ರಸ್ತೆಯ ಅಕ್ಕಿ ಗಿರಣಿ ಇನ್ನೂ ಸದ್ದು ಮಾಡಿಲ್ಲ. ಭತ್ತ ಮೇಲೆತ್ತುವ ಎಲಿವೇಟರಿನ ಗೇರ್‌ಬಾಕ್ಸ್ ಎದುರು ಸುಂಕಲಮ್ಮ ಎಣ್ಣೆ ಡಬ್ಬಿ ಹಿಡಿದು ಕೂತಿದ್ದಾರೆ. ಡಬ್ಬಿಯೊಳಗಿನ ಎಣ್ಣೆ ಕಾಡಿಗೆಯಷ್ಟು ಕಪ್ಪು.

"ಹೊಸ ಎಣ್ಣಿ ಅಂತಾರ್ರಿ. ಹೊಸಾದು ಹಿಂಗ ಕರ್ರಗ ಇರ್ತೈತೇನ್ರಿ?" ಎಂದು ಬಂದವರನ್ನೇ ಕೇಳುತ್ತಾರೆ.

ಇಲ್ಲಿ ಎಣ್ಣೆ ಹಾಕುವ ಕೆಲಸ ಮೊದಲು ಗಂಡ ಮುದಿಯಪ್ಪನವರದು. ಅವರು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಡಬ್ಬಿ ಹೆಂಡತಿಯ ಕೈಗೆ ಬಂತು. ನಲವತ್ತಕ್ಕೂ ಮೇಲೆ ಬೇರಿಂಗುಗಳು, ದಿನಕ್ಕೆರಡು ಸುತ್ತು, ಏಣಿ ಹತ್ತಿ ಇಳಿದು ಮೊಣಕಾಲುಗಳು ಕಟಕಟ ಎನ್ನುತ್ತವೆ. ತೌಡಿನ ಧೂಳು ಎಣ್ಣೆಗೆ ಬಿದ್ದರೆ ಬೇರಿಂಗು ಸವೆಯುತ್ತದೆ. ಅದಕ್ಕೆ ಮನೆಯ ಕುಸುಬೆ ಎಣ್ಣೆಗೆ ಮಾಡುವುದನ್ನೇ ಇದಕ್ಕೂ ಮಾಡುತ್ತಾರೆ: ರಾತ್ರಿ ಅಲುಗದಂತೆ ಇಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ತಳದ ಗಸಿ ಚೆಲ್ಲುವುದು.

ಕಳೆದ ತಿಂಗಳು ಸಾವ್ಕಾರ ಗವಿಸಿದ್ದಪ್ಪ ಈ ಹೊಸ ಎಣ್ಣೆ ತರಿಸಿದರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಪುಡಿ ಬೆರೆತಿದೆ. ಆ ಕಣಗಳು ಗೇರಿನ ಹಲ್ಲುಗಳ ನಡುವೆ ಪದರವಾಗಿ ಕೂತು ಉಜ್ಜಾಟ, ಬಿಸಿ ಎರಡನ್ನೂ ಕಡಿಮೆ ಮಾಡುತ್ತವಂತೆ.

"ಇದು ನಡೀತಂದ್ರ ದಿನಾ ಎಣ್ಣಿ ಹಾಕೋದು ಬ್ಯಾಡವಾ, ವಾರಕ್ಕೊಮ್ಮಿ ಬಂದ್ರ ಸಾಕು," ಎಂದರು ಸಾವ್ಕಾರರು. ಸುಂಕಲಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ವಾರಕ್ಕೊಂದು ದಿನದ ಕೂಲಿಯಲ್ಲಿ ಮನೆ ನಡೆಯುವುದು ಹೇಗೆ?

"ಇಷ್ಟು ವರ್ಷ ಎಣ್ಣ್ಯಾಗ ಪುಡಿ ಬೀಳಬಾರ್ದು ಅಂದ್ರು. ಈಗ ತಾವ ಪುಡಿ ಹಾಕಿದ್ದನ್ನ ತಂದಾರ. ನನಗಂತೂ ತೆಲಿ ಕೆಟ್ಟೈತ್ರಿ."

ತಲೆ ಕೆಟ್ಟರೂ ಕೈ ರೂಢಿ ಬಿಡಲಿಲ್ಲ. ದಿನವೂ ತಿಳಿ ಬಗ್ಗಿಸಿದರು, ಗಸಿ ಚೆಲ್ಲಿದರು. ತಿಂಗಳಾದರೂ ಗೇರ್‌ಬಾಕ್ಸ್ ಮೊದಲಿನಷ್ಟೇ ಸುಡುತ್ತಿತ್ತು. ಎಣ್ಣೆ ಮಾರಿದವ ಮೊನ್ನೆ ಬಂದು ಮುಟ್ಟಿ ನೋಡಿ ತಲೆ ಕೆರೆದುಕೊಂಡ.

"ಹಾಕೂ ಮುಂದ ಡಬ್ಬಿ ಕುಲುಕೀರಿಲ್ರಿ, ಸಾವ್ಕಾರ್ರ? ಪುಡಿ ತಳಕ್ಕ ಕುಂದರ್ತೈತಿ."

"ಕುಲುಕದ ಹಾಕ್ತಾರೇನೋ? ಒಯ್ಯಿ ನಿನ್ನ ಎಣ್ಣಿ," ಎಂದು ಗವಿಸಿದ್ದಪ್ಪ ರೇಗಿದರು.

ತಾನು ದಿನವೂ ಚೆಲ್ಲಿದ್ದು ಗಸಿಯಲ್ಲ, ಆ ಪುಡಿಯನ್ನೇ ಎಂದು ಹಿಂದೆ ನಿಂತಿದ್ದ ಸುಂಕಲಮ್ಮನಿಗೆ ಆಗ ತಿಳಿಯಿತು. ಸುಮ್ಮನಿದ್ದರೆ ಎಣ್ಣೆ ವಾಪಸಾಗುತ್ತಿತ್ತು, ದಿನದ ಕೆಲಸ ಉಳಿಯುತ್ತಿತ್ತು. ಆದರೆ ಬಾಯಿ ಸುಮ್ಮನಿರಲಿಲ್ಲ.

"ನಾ ಕುಲುಕಿಲ್ರಿ. ಗಸಿ ಅಂತ ತಳದ್ದು ಚೆಲ್ಲೀನ್ರಿ."

ಸಾವ್ಕಾರರಿಗೆ ನಗಬೇಕೋ ಬೈಯಬೇಕೋ ತೋಚಲಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದರು. ಆ ತಿಂಗಳು ಇವತ್ತು ಶುರು.

ಸುಂಕಲಮ್ಮ ಡಬ್ಬಿಯನ್ನು ಜೋರಾಗಿ ಕುಲುಕಿ, ತಳದ ಕಪ್ಪು ಸಮೇತ ಪೂರ್ತಿ ಸುರಿಯುತ್ತಾರೆ. ಎಣ್ಣೆ ಗೆಲ್ಲಬೇಕೋ ಸೋಲಬೇಕೋ ಎಂದು ಕೇಳಿದರೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಲ್ಲುತ್ತಾರೆ.

"ಏನಂತ ಬೇಡ್ಕೋಬೇಕೋ ತಿಳೀವಲ್ದುರಿ. ಸೋತ್ರ ಅದು ತನ್ನಷ್ಟಕ್ಕ ತಾನ ಸೋಲ್ಲಿ. ನನ್ನ ಕೈಯಾಗ ಸೋಲೋದು ಬ್ಯಾಡ."